ಮೂವತ್ತು ಕರೆಂಟು, ಮುನ್ನೂರು ಕಿಲೋಮೀಟರು: ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದ ರೈತ ಕುಟುಂಬವೊಂದರ ಪ್ರಕರಣ ಅಧ್ಯಯನ

ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಮಳೆಯಾಶ್ರಿತ ಹೊಲದಲ್ಲಿ ಗೋವಿನಜೋಳ, ಕೊಟ್ಟಿಗೆಯಲ್ಲಿ ಎರಡು ಆಕಳು, ಸಹಕಾರ ಸಂಘದಲ್ಲಿ ಬೆಳೆಸಾಲ. ಮನೆಯಲ್ಲಿ 52 ವರ್ಷದ ಯಜಮಾನ, ಆತನ ಹೆಂಡತಿ, ಕೋಲು ಹಿಡಿದು ಓಡಾಡುವ ತಾಯಿ. ಮಗ ಹರಿಹರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ನೌಕರ. ಯಜಮಾನನಿಗೆ ಇಪ್ಪತ್ತು ವರ್ಷದಿಂದ ತಂಬಾಕಿಗೆ ಸುಣ್ಣ ತಿಕ್ಕಿ ಎಡದವಡೆಯಲ್ಲಿ ಇಟ್ಟುಕೊಳ್ಳುವ ರೂಢಿ. ಫೆಬ್ರುವರಿಯಲ್ಲಿ ಅದೇ ಜಾಗದಲ್ಲಿ ಹುಣ್ಣಾಯಿತು. ಮೂರು ತಿಂಗಳು ಬಿ-ಕಾಂಪ್ಲೆಕ್ಸ್ ಮಾತ್ರೆ, ಬಾಯಿಗೆ ಹಚ್ಚುವ ಮುಲಾಮಿನಲ್ಲೇ ಕಳೆಯಿತು. ಬಾಯಿಹುಣ್ಣು ಮೂರು ವಾರದಲ್ಲಿ ಮಾಯದಿದ್ದರೆ ತುಣುಕು ತೆಗೆದು ನೋಡಲೇಬೇಕು. ಇಲ್ಲಿ ಅದಾದದ್ದು ಮೇ ಕೊನೆಯಲ್ಲಿ, ದಂತವೈದ್ಯರೊಬ್ಬರು ಬಯಾಪ್ಸಿಗೆ ಕಳಿಸಿದ ಮೇಲೆ. ದವಡೆ-ಕೆನ್ನೆಯ ಕ್ಯಾನ್ಸರ್ ಎಂದು ವರದಿ ಬಂತು. "ಬೆಂಗಳೂರಿಗೆ ಹೋಗಿ" ಎಂದರು.

ಯಾರೊಬ್ಬರ ಗುರುತೂ ಹತ್ತಬಾರದೆಂದು ಒಂದೇ ಬಗೆಯ ಹಲವು ಕುಟುಂಬಗಳ ಅನುಭವವನ್ನು ಬೆಸೆದು ಈ ಪ್ರಕರಣವನ್ನು ಕಟ್ಟಲಾಗಿದೆ. ದಿನ, ದುಡ್ಡು, ತೂಕದ ಲೆಕ್ಕಗಳನ್ನು ಹಾಗೆಯೇ ಓದಿಕೊಳ್ಳಬೇಕು. ಇಲ್ಲಿ ವೈದ್ಯರ ತಪ್ಪಿಲ್ಲ, ಔಷಧಿಯ ಕೊರತೆಯಿಲ್ಲ, ಚಿಕಿತ್ಸೆಗೆ ಬಿಲ್ಲೂ ಇಲ್ಲ. ಆದರೂ ಚಿಕಿತ್ಸೆ ನಡುವೆ ಹನ್ನೆರಡು ದಿನ ತುಂಡಾಯಿತು. ಅದು ಯಾವ ಯಾವ ಕೊಂಡಿಯಲ್ಲಿ ತುಂಡಾಯಿತು ಎಂಬುದೇ ಈ ಅಧ್ಯಯನದ ವಿಷಯ.

ಮೂರರಲ್ಲಿ ಮುಗಿಯಬೇಕಾಗಿದ್ದ ಏಳು ಪ್ರಯಾಣ

ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಗಂಡ-ಹೆಂಡತಿ ಮೊದಲ ಸಲ ಹೊರಟದ್ದು ಜೂನ್ ಮೊದಲ ಗುರುವಾರ ರಾತ್ರಿ, ಬಸ್ಸಿನಲ್ಲಿ. ಶುಕ್ರವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಆಸ್ಪತ್ರೆ ಸೇರಿ ಹೊಸ ಫೈಲು ಮಾಡಿಸಿ ವೈದ್ಯರೆದುರು ಕೂತಾಗ ಮಧ್ಯಾಹ್ನ ಹನ್ನೆರಡೂವರೆ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಬ್ಲಾಕ್, ಸ್ಲೈಡ್ ತಂದಿದ್ದೀರಾ?"

ತಂದಿರಲಿಲ್ಲ. ಕೈಯಲ್ಲಿದ್ದದ್ದು ವರದಿಯ ಒಂದು ಹಾಳೆ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನವರು ಒಂದು ಸಣ್ಣ ಬಿಲ್ಲೆ ಮಾಡುತ್ತಾರೆ, ಅದೇ ಬ್ಲಾಕ್. ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಬಣ್ಣ ಹಾಕಿದ್ದು ಸ್ಲೈಡ್. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ಹೊರಗಿನ ವರದಿಯನ್ನು ನಂಬಿ ಕತ್ತರಿ ಹಿಡಿಯುವುದಿಲ್ಲ, ತಮ್ಮ ಪೆಥಾಲಜಿ ವಿಭಾಗದಲ್ಲಿ ಮತ್ತೊಮ್ಮೆ ನೋಡುತ್ತವೆ. ಹಾಗೆ ನೋಡುವುದು ರೋಗಿಯ ಒಳ್ಳೆಯದಕ್ಕೇ. ಆದರೆ ಊರಿನ ಲ್ಯಾಬು ಬ್ಲಾಕನ್ನು ತಾನಾಗಿ ಕೈಗೆ ಕೊಡುವುದಿಲ್ಲ. ಕೇಳಿ, ಸಹಿ ಹಾಕಿ ಪಡೆಯಬೇಕು. ಕೇಳಬೇಕೆಂದು ಹೇಳುವವರು ಯಾರೂ ಇಲ್ಲದ್ದರಿಂದ ಮುನ್ನೂರು ಕಿಲೋಮೀಟರು ಹೋಗಿ, ಮುನ್ನೂರು ಕಿಲೋಮೀಟರು ತಿರುಗಿ ಬರಬೇಕಾಯಿತು.

ಎರಡನೇ ಪ್ರಯಾಣ ಬ್ಲಾಕ್ ಒಪ್ಪಿಸಲು. ಮರುಪರೀಕ್ಷೆಗೆ ಐದು ದಿನ ಎಂದಾಗ ಊರಿಗೆ ವಾಪಸ್. ಅಷ್ಟರಲ್ಲಿ ಮಳೆಯಾಗಿ, ಜೂನ್ 12ಕ್ಕೆ ಬಿತ್ತನೆಯೂ ಮುಗಿಯಿತು. ಮೂರನೇ ಪ್ರಯಾಣ ಸಿ.ಟಿ. ಸ್ಕ್ಯಾನಿಗೆ. ನರಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೆಯುವ ಸ್ಕ್ಯಾನ್ ಅದು. ಮೂತ್ರಪಿಂಡ ಸರಿಯಿದೆ ಎಂದು ತೋರಿಸುವ ಕ್ರಿಯಾಟಿನಿನ್ ವರದಿ ಮೊದಲು ಬೇಕು, ಹೊಟ್ಟೆ ಕೆಲವು ಗಂಟೆ ಖಾಲಿ ಇರಬೇಕು. ವರದಿ ಇರಲಿಲ್ಲ, ಬಸ್ಸಿಳಿದವರು ಇಡ್ಲಿ ತಿಂದಿದ್ದರು. ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ನಾಲ್ಕನೆಯದು ಸ್ಕ್ಯಾನ್. ಐದನೆಯದು ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕಿಮೊ ಮೂರೂ ವಿಭಾಗದ ವೈದ್ಯರು ಒಟ್ಟಿಗೆ ಕೂತು ತೀರ್ಮಾನಿಸುವ ದಿನ. ಮೊದಲು ಆಪರೇಷನ್, ಆಮೇಲೆ ಕರೆಂಟು ಎಂದಾಯಿತು. (ರೇಡಿಯೊಥೆರಪಿಗೆ ನಮ್ಮ ಆಸ್ಪತ್ರೆಯ ಕಾರಿಡಾರುಗಳಲ್ಲಿ 'ಕರೆಂಟ್ ಕೊಡೋದು' ಎಂದೇ ಹೆಸರು. ವಿದ್ಯುತ್ತಿನ ಶಾಕ್ ಅದಲ್ಲ, ನೋವೂ ಆಗುವುದಿಲ್ಲ. ಆ ಹೆಸರಿಗೇ ಹೆದರಿ ಓಡಿಹೋದವರುಂಟು.) ಆರನೇ ಪ್ರಯಾಣ ಅರಿವಳಿಕೆ ವೈದ್ಯರ ತಪಾಸಣೆಗೆ. ಸಕ್ಕರೆ 240 ಇತ್ತು. ಹತೋಟಿಗೆ ತಂದು ಬನ್ನಿ ಎಂದರು. ಏಳನೆಯ ಸಲ ದಾಖಲಾದರು. ಜುಲೈ 15ಕ್ಕೆ ಆಪರೇಷನ್ ಆದಾಗ ಮೊದಲ ಪ್ರಯಾಣಕ್ಕೆ ನಲವತ್ತು ದಿನ ತುಂಬಿತ್ತು.

ಈ ಏಳರಲ್ಲಿ ನಾಲ್ಕು ಹಳ್ಳಿಯಲ್ಲೇ ತಪ್ಪಿಸಬಹುದಾಗಿದ್ದವು. ಬ್ಲಾಕ್ ಮತ್ತು ಸ್ಲೈಡನ್ನು ಲ್ಯಾಬಿನಿಂದ ಮೊದಲೇ ಪಡೆಯುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನಿನ್, ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಇ.ಸಿ.ಜಿ., ಎದೆಯ ಎಕ್ಸ್‌ರೇ ಮಾಡಿಸಿಕೊಂಡು ಹೊರಡುವುದು. ದೊಡ್ಡಾಸ್ಪತ್ರೆ ಕೆಲವನ್ನು ಮತ್ತೆ ಮಾಡಿಸಬಹುದು, ಮಾಡಿಸಲಿ. ಸಕ್ಕರೆ 240 ಎಂದು ಮೇ ತಿಂಗಳಲ್ಲೇ ಗೊತ್ತಾಗಿದ್ದರೆ ಜುಲೈಯಲ್ಲಿ ಒಂದು ಆಪರೇಷನ್ ದಿನ ಕೈತಪ್ಪುತ್ತಿರಲಿಲ್ಲ.

ಇನ್ನು ಹೊರಡುವ ವಾರ. ಗುರುವಾರ ರಾತ್ರಿ ಹೊರಟವರಿಗೆ ಆಸ್ಪತ್ರೆ ಸಿಗುವುದು ಶುಕ್ರವಾರ ಒಂದೇ ದಿನ. ಭಾನುವಾರ ರಾತ್ರಿ ಹೊರಟರೆ ಎದುರಿಗೆ ಐದು ದಿನ. ಸೋಮವಾರ ನೋಂದಣಿ, ಬ್ಲಾಕ್ ಒಪ್ಪಿಸುವುದು. ಮಂಗಳವಾರ, ಬುಧವಾರ ಸ್ಕ್ಯಾನಿಗೆ ಕಾಯುವುದು. ಗುರುವಾರ ಅರಿವಳಿಕೆ ತಪಾಸಣೆ. ಎಲ್ಲಾ ಸಲವೂ ಹೀಗೇ ಕೂಡಿ ಬರುತ್ತದೆ ಎನ್ನಲಾಗದು. ಆದರೂ ನಾಲ್ಕು ರಾತ್ರಿಯ ರೂಮಿನ ಬಾಡಿಗೆ ಇಬ್ಬರ ಎರಡು ಸಲದ ಹೋಗಿಬರುವ ಖರ್ಚಿಗಿಂತ ಕಡಿಮೆ.

ಕಾರ್ಡು ಚಿಕಿತ್ಸೆಗೆ, ದೂರಕ್ಕಲ್ಲ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎ.ಪಿ.ಎಲ್. ಆದರೆ ಪ್ಯಾಕೇಜು ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಈ ಕುಟುಂಬದ್ದು ಬಿ.ಪಿ.ಎಲ್. ಕಾರ್ಡು. ಆಪರೇಷನ್, ರೇಡಿಯೇಷನ್, ಕಿಮೊ ಎಲ್ಲಕ್ಕೂ ಮಂಜೂರಾತಿ ಸಿಕ್ಕಿತು.

ಸಿಕ್ಕಿದ್ದು ಮಾತ್ರ ಎರಡು ದಿನ ತಡವಾಗಿ. ಪಡಿತರ ಚೀಟಿಯಲ್ಲಿ ಹೆಸರಿನ ಜೊತೆ ತಂದೆಯ ಹೆಸರು ಸೇರಿತ್ತು, ಆಧಾರ್‌ನಲ್ಲಿ ಮನೆತನದ ಹೆಸರು. ಅದು ಹೇಗೋ ಬಗೆಹರಿಯಿತು ಎನ್ನುವಾಗ ಒ.ಟಿ.ಪಿ. ಹೋದದ್ದು ಹರಿಹರಕ್ಕೆ! ಆಧಾರ್‌ಗೆ ಜೋಡಿಸಿದ್ದು ಮಗನ ನಂಬರು, ಮಗ ಕಾರ್ಖಾನೆಯೊಳಗೆ, ಫೋನು ಲಾಕರಿನಲ್ಲಿ. ಆಧಾರ್‌ಗೆ ಜೋಡಿಸಿದ ಸಿಮ್ ರೋಗಿಯ ಜೊತೆಗೇ ಪ್ರಯಾಣ ಮಾಡಬೇಕು. ಹೆಸರಿನ ವ್ಯತ್ಯಾಸವನ್ನು ಬೆಂಗಳೂರಿನ ಕೌಂಟರಿನಲ್ಲಿ ಸರಿಪಡಿಸಲಾಗದು, ಊರು ಬಿಡುವ ಮೊದಲೇ ತಿದ್ದಿಸಿಕೊಳ್ಳಬೇಕು. ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕಾದೀತು ಎಂಬ ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಫೈಲಿನಲ್ಲಿರಲಿ. ಯಶಸ್ವಿನಿ ಆರೋಗ್ಯ ಯೋಜನೆಯನ್ನು ನಂಬಿ ಕೂತ ಸಹಕಾರ ಸಂಘದ ಸದಸ್ಯರು ಮರೆಯುವ ಮಾತೊಂದಿದೆ. ಅದಕ್ಕೆ ವರ್ಷದಲ್ಲಿ ನೋಂದಣಿಯ ಅವಧಿ ಇರುತ್ತದೆ. ಕಾಯಿಲೆ ಗೊತ್ತಾದ ಮಾರನೆಯ ದಿನ ಹೋಗಿ ಸೇರುವ ಯೋಜನೆಯಲ್ಲ ಅದು.

ಮಂಜೂರಾದ ಮೇಲೆ ಆಸ್ಪತ್ರೆಗೆ ಕಟ್ಟಿದ್ದು ಶೂನ್ಯ. ಹಾಗಿದ್ದೂ ಹೆಂಡತಿ ಬರೆದಿಟ್ಟ ಸಣ್ಣ ನೋಟ್‌ಬುಕ್ಕಿನಲ್ಲಿ 88,000 ರೂಪಾಯಿ ಕೂಡಿತ್ತು. ಏಳು ಪ್ರಯಾಣಕ್ಕೆ 29,400. ಮಂಜೂರಾತಿಗೆ ಮುಂಚಿನ ಪರೀಕ್ಷೆಗಳಿಗೆ 11,000. ಕರೆಂಟಿನ 50 ದಿನಕ್ಕೆ ದಿನಕ್ಕೆ 450ರಂತೆ ರೂಮಿಗೆ 22,500, ಊಟ ಮತ್ತು ಅಡುಗೆಗೆ 12,500. ನುಂಗಲಾಗದಾಗ ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಗೆಯಲ್ಲಿ ಕೊಡುವ ಪುಡಿ, ಹೊರಗಿನ ಔಷಧಿಗೆ 9,000. ನಡುವೆ ಊರಿಗೆ ಹೋಗಿಬಂದದ್ದಕ್ಕೆ 3,600. ಇಷ್ಟನ್ನು ಹೊಂದಿಸಲು ಹಾಲು ಹಿಂಡುತ್ತಿದ್ದ ಒಂದು ಆಕಳನ್ನು ಅವಸರದಲ್ಲಿ ಮಾರಿದರು. ಹದಿನೈದು ಸಾವಿರ ಕಡಿಮೆಗೆ ಹೋಯಿತು. ದಲ್ಲಾಳಿಗೆ ಮನೆಯ ಸುದ್ದಿ ಮೊದಲೇ ತಲುಪಿತ್ತು.

ಬಸ್ಸೋ ರೈಲೋ ಎಂಬ ಲೆಕ್ಕ ಬೇರೆಯೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಡತಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸು ಉಚಿತ, ಗಂಡನಿಗೆ ಪೂರ್ತಿ ಚಾರ್ಜು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಹಂತದ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ. 75. ಇದಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆ ಸಹಿ-ಮೊಹರು ಹಾಕಿದ ನಮೂನೆ ಬೇಕು. ಅದನ್ನು ರೈಲ್ವೆ ಕೌಂಟರಿನಲ್ಲೇ ಕೊಡಬೇಕು, ತತ್ಕಾಲ್ ಟಿಕೆಟ್ಟಿಗೆ ನಡೆಯದು. ಹಾಗಾಗಿ ಮೊದಲ ಪ್ರಯಾಣಕ್ಕೆ ರಿಯಾಯಿತಿ ಸಿಗುವುದಿಲ್ಲ, ಮುಂದಿನದಕ್ಕೆ ಬೇಕಾದ ನಮೂನೆಯನ್ನು ಬೆಂಗಳೂರು ಬಿಡುವ ಮೊದಲೇ ಬರೆಸಿಕೊಳ್ಳಬೇಕು. ಈ ಕುಟುಂಬಕ್ಕೆ ಇದು ಗೊತ್ತಾದದ್ದು ಆರನೇ ಸಲ, ಪಕ್ಕದ ಬೆಂಚಿನ ಬಳ್ಳಾರಿಯವರಿಂದ. ಹಣದ ಮಾತು ಹಾಗಿರಲಿ, ಮೂಗಿನಲ್ಲಿ ನಳಿಗೆ ಇಟ್ಟುಕೊಂಡವರಿಗೆ ರಾತ್ರಿ ರೈಲಿನ ಕೆಳ ಬರ್ತೇ ಸರಿ. ಮಲಗಬಹುದು, ಶೌಚಾಲಯವಿದೆ, ನಡುರಾತ್ರಿ ಕೂತು ಗಂಜಿ ಬಿಡಬಹುದು.

ರೂಮು, ಗಂಜಿ, ನಳಿಗೆ

ಒಂಬತ್ತು ದಿನಕ್ಕೆ ಆಸ್ಪತ್ರೆಯಿಂದ ಬಿಟ್ಟರು. ಕೆನ್ನೆಯ ಗಡ್ಡೆ, ಪಕ್ಕದ ದವಡೆಮೂಳೆ, ಕುತ್ತಿಗೆಯ ಗಂಟುಗಳನ್ನು ತೆಗೆದಿದ್ದರು. ಕರೆಂಟು ಬೀಳುವ ಜಾಗದ ಹುಳುಕು ಹಲ್ಲುಗಳನ್ನು ಅದೇ ಅರಿವಳಿಕೆಯಲ್ಲಿ ಕಿತ್ತಿದ್ದರು. ಇದು ಬಹಳ ಒಳ್ಳೆಯ ಕೆಲಸ. ಹಲ್ಲು ಕಿತ್ತ ಗಾಯ ಮಾಯಲು ಎರಡು ವಾರವಾದರೂ ಬೇಕು. ಬೇರೆಯಾಗಿ ಕಿತ್ತಿದ್ದರೆ ಮತ್ತೊಂದು ಪ್ರಯಾಣ, ಮತ್ತಷ್ಟು ದಿನ.

ಗಂಟಿನ ವರದಿಯಲ್ಲಿ ರೋಗ ಗಂಟಿನ ಹೊರಪದರ ದಾಟಿದ್ದು ಕಂಡಿತು. ಆದ್ದರಿಂದ ಕರೆಂಟಿನ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕಿಮೊ ಎಂದಾಯಿತು. ಆಪರೇಷನ್ ಆದ ಆರು ವಾರದೊಳಗೆ ಕರೆಂಟು ಶುರುವಾಗಬೇಕು. ಶುರುವಾದದ್ದು ಆರು ವಾರ, ಎರಡು ದಿನಕ್ಕೆ, ಆಗಸ್ಟ್ ಕೊನೆಯ ಗುರುವಾರ. ಅಲ್ಲಿಯವರೆಗೆ ಪರವಾಗಿಲ್ಲ.

ಅಲ್ಲಿಂದ ಮುಂದೆ ಬೆಂಗಳೂರಿನಲ್ಲೇ ವಾಸ. ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಆವರಣದಲ್ಲಿ ಧರ್ಮಶಾಲೆಯಿದೆ. ಆದರೆ ರಾಜ್ಯದ ಎಲ್ಲ ಮೂಲೆಯಿಂದ ಜನ ಬರುವ ಊರಿನಲ್ಲಿ ಯಾವ ಧರ್ಮಶಾಲೆಯಲ್ಲೂ ಕೇಳಿದ ದಿನವೇ ಜಾಗ ಸಿಗುವುದಿಲ್ಲ. ದಾಖಲಾದ ದಿನವೇ ಸಮಾಜ ಕಾರ್ಯಕರ್ತರ ಕೊಠಡಿ ಹುಡುಕಿ ಹೆಸರು ಬರೆಸಬೇಕು. ಕರೆಂಟು ಶುರುವಾಗುವ ದಿನ ಕೇಳಿದರೆ ಸಿಗುವುದು ಹೊರಗಿನ ರೂಮು. ಲಕ್ಕಸಂದ್ರ, ವಿಲ್ಸನ್ ಗಾರ್ಡನ್, ಸಿದ್ದಾಪುರದ ಗಲ್ಲಿಗಳಲ್ಲಿ ದಿನಬಾಡಿಗೆಯ ರೂಮುಗಳಿವೆ. ಅಲ್ಲಿ ಮೊದಲು ಕೇಳಬೇಕಾದದ್ದು ಬಾಡಿಗೆಯನ್ನಲ್ಲ, "ಒಳಗೆ ಅಡುಗೆ ಮಾಡಬಹುದಾ?" ಎಂದು. ಮಾಡಬಾರದು ಎನ್ನುವ ರೂಮು ನೂರು ರೂಪಾಯಿ ಅಗ್ಗವಾದರೂ ಬಾಯಿ ಕ್ಯಾನ್ಸರಿನವರಿಗೆ ದುಬಾರಿ. ಜೊತೆಯವರಿಗೆ ಇಂದಿರಾ ಕ್ಯಾಂಟೀನು ಇದೆ, ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ರೋಗಿಗೆ ಅಲ್ಲಿನ ಚಿತ್ರಾನ್ನ ಇಳಿಯದು.

ಆ ಆಸ್ಪತ್ರೆಯ ಮುಂದಿನ ರಸ್ತೆಗೆ ತೋಟಗಾರಿಕೆಯ ಮರೀಗೌಡರ ಹೆಸರು. ಹಾಲು ಮಹಾಮಂಡಳ ಕೆ.ಎಂ.ಎಫ್. ಕಚೇರಿಯೂ ಅದೇ ರಸ್ತೆಯಲ್ಲಿ, ಡೇರಿ ಸರ್ಕಲ್ ಬಳಿ. ಊರಿನ ಸಂಘಕ್ಕೆ ದಿನಕ್ಕೆ ಎಂಟು ಲೀಟರ್ ಹಾಲು ಹಾಕುತ್ತಿದ್ದ ಮನೆಯವರು ಇಲ್ಲಿ ಅರ್ಧ ಲೀಟರಿನ ಪಾಕೀಟು ಕೊಂಡು ಗಂಜಿಗೆ ಬೆರೆಸುತ್ತಿದ್ದರು.

ಮೂರನೇ ವಾರಕ್ಕೆ ಬಾಯಿ ಹುಣ್ಣಾಯಿತು. ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಆರೆಂಟು ಸಲ ಮುಕ್ಕಳಿಸುವುದು ಇದಕ್ಕೆ ಮದ್ದು. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ. ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ಬೆಳೆದ ದೇಹ ಬರಿ ಗಂಜಿಯಲ್ಲಿ ನಿಲ್ಲಲಿಲ್ಲ. 54 ಕೆ.ಜಿ. ಇದ್ದವರು ನಾಲ್ಕನೇ ವಾರಕ್ಕೆ 50. ಈ ತೂಕದವರಿಗೆ ದಿನಕ್ಕೆ 1,600 ಕ್ಯಾಲೊರಿಗೆ ಕಡಿಮೆಯಾಗದಂತೆ ಆಹಾರ, 65ರಿಂದ 80 ಗ್ರಾಂ ಪ್ರೋಟೀನು ಬೇಕು. ನೀರಾದ ರವೆಗಂಜಿ ಹೊಟ್ಟೆ ತುಂಬಿಸುತ್ತದೆ, ಪ್ರೋಟೀನು ಕೊಡುವುದಿಲ್ಲ. ಹೆಸರುಬೇಳೆ ಬೇಯಿಸಿ ಅರೆದು ಸೋಸಿದ್ದು, ಹಾಲು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಎರಡು ಚಮಚ ಎಣ್ಣೆ ಸೇರಿಸಿ ಮಿಕ್ಸಿಯಲ್ಲಿ ಹೊಡೆದರೆ ಅದೇ ಲೋಟಕ್ಕೆ ಬಲ ಬರುತ್ತದೆ.

ನುಂಗಲು ಆಗದಾದಾಗ ಮೂಗಿನಿಂದ ಹೊಟ್ಟೆಗೆ ರೈಲ್ಸ್ ನಳಿಗೆ ಹಾಕಿದರು. ಎರಡು ಗಂಟೆಗೊಮ್ಮೆ 200ರಿಂದ 250 ಮಿ.ಲೀ., ಬೆನ್ನೆತ್ತಿ ಕೂರಿಸಿ, ನಿಧಾನವಾಗಿ. ಆಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ. ಪ್ರತಿ ಸಲ ಮೊದಲು ಮತ್ತು ಕೊನೆಗೆ 30-50 ಮಿ.ಲೀ. ನೀರು. ಇಲ್ಲಿ ಕೆಡುವುದು ಎರಡು ಕಡೆ. ಸೋಸದ ರಾಗಿ ಅಂಬಲಿ ಮತ್ತು ತರಿತರಿಯಾಗಿ ಕುಟ್ಟಿದ ಮಾತ್ರೆ ನಳಿಗೆಯನ್ನು ಕಟ್ಟಿಸುತ್ತವೆ. ಅಂಟಿನ ಪಟ್ಟಿ ಬೆವರಿಗೆ ಬಿಟ್ಟರೆ ನಳಿಗೆ ಜಾರುತ್ತದೆ. ನಳಿಗೆಯ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಮೂಗಿನ ತುದಿಯಲ್ಲಿರುವ ಅಂಕೆಯನ್ನು ಹಾಕಿದ ದಿನವೇ ಬರೆದಿಟ್ಟು ಪ್ರತಿ ಸಲ ನೋಡಬೇಕು. ಅಂಕೆ ಬದಲಾಗಿದ್ದರೆ ಒಂದು ಹನಿಯನ್ನೂ ಬಿಡಬಾರದು. ಗಂಜಿ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಹೋದೀತು.

ಆ ಹನ್ನೆರಡು ದಿನ

ಒಟ್ಟು 30 ಕರೆಂಟು, ಒಂದೊಂದು 2 ಗ್ರೇ (ವಿಕಿರಣದ ಅಳತೆ), ಸೋಮವಾರದಿಂದ ಶುಕ್ರವಾರ. ಯಂತ್ರದ ಮೇಲೆ ಹತ್ತು-ಹದಿನೈದು ನಿಮಿಷ, ಹೊರಗೆ ಕಾಯುವುದು ಗಂಟೆಗಟ್ಟಲೆ. ರೋಗಿ ಅಲುಗಾಡದಂತೆ ಮುಖಕ್ಕೆ ಒಂದು ಜಾಲರಿ ಮಾಸ್ಕ್. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕನ್ನು ಅವರ ಮುಖದ ಮೇಲೆಯೇ ಅಚ್ಚೊತ್ತಿ ಮಾಡುತ್ತಾರೆ.

24ನೆಯದು ಮುಗಿದದ್ದು ಒಂದು ಮಂಗಳವಾರ. ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ, ಯಂತ್ರಕ್ಕೂ ರಜೆ. ಹೊಲದಲ್ಲಿ ಗೋವಿನಜೋಳ ಒಣಗಿ ನಿಂತಿತ್ತು. ತಾಯಿಯಿಂದ ದಿನಾ ಫೋನು. ಮುಂದಿನ ಮಂಗಳವಾರ ಶೀಗೀ ಹುಣ್ಣಿಮೆ. ಆ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ ಚರಗ ಚೆಲ್ಲದೆ ಆ ಭಾಗದ ರೈತರಿಗೆ ವರ್ಷ ವರ್ಷವೆನಿಸುವುದಿಲ್ಲ. "ಎರಡ ದಿನದ ಮಾತ್ರಿ ಯಕ್ಕಾರ, ರಾಶಿ ಮುಗಿಸಿ ಸೋಮವಾರ ಮುಂಜಾನೆ ಬಂದಬಿಡ್ತೇವ್ರಿ" ಎಂದು ಹೆಂಡತಿ ವಾರ್ಡಿನ ನರ್ಸಿಗೆ ಹೇಳಿದ್ದರು. ರೇಡಿಯೇಷನ್ ವಿಭಾಗಕ್ಕೆ ಹೇಳಲಿಲ್ಲ. ಬೈದಾರು ಎಂಬ ಹೆದರಿಕೆ.

ಶುಕ್ರವಾರದ ಒಂದು ಕರೆಂಟನ್ನು ತಾವಾಗಿ ಬಿಟ್ಟಂತಾಯಿತು. ಸೋಮವಾರಕ್ಕೆ ರಾಶಿ ಯಂತ್ರ, ಅಂದರೆ ಕಾಳು ಬಿಡಿಸುವ ಯಂತ್ರ, ಸಿಗಲಿಲ್ಲ. ಮಂಗಳವಾರ ಹುಣ್ಣಿಮೆ. ಬುಧವಾರ ರಾಶಿಯ ಧೂಳಿನಲ್ಲಿ ಕೆಮ್ಮಿ ಕೆಮ್ಮಿ ನಳಿಗೆ ಹೊರಬಂತು. ಕುತ್ತಿಗೆಯ ಆಪರೇಷನ್ ಆದವರಿಗೆ ಮರಳಿ ಹಾಕಲು ಹತ್ತಿರದ ಆಸ್ಪತ್ರೆಯಲ್ಲಿ ಹಿಂದೇಟು ಹಾಕಿದರು. ಬಿಡುಗಡೆ ಚೀಟಿಯಲ್ಲಿ ನಳಿಗೆಯ ಗಾತ್ರವಾಗಲಿ ಅಳತೆಯಾಗಲಿ ಬರೆದಿರಲಿಲ್ಲ. ಬೆಂಗಳೂರಿಗೆ ಫೋನು ಮಾಡಲು ನಂಬರು ಇರಲಿಲ್ಲ. ಗಂಟಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಚುಚ್ಚಿಸಿದರು. ನೀರಿಳಿಯದ ದೇಹ, ಸಿಸ್‌ಪ್ಲಾಟಿನ್‌ನಿಂದ ಬಳಲಿದ ಮೂತ್ರಪಿಂಡ, ಅದರ ಮೇಲೆ ಡೈಕ್ಲೋಫೆನಾಕ್: ಮೂರೂ ಒಟ್ಟಿಗೆ ಸೇರಬಾರದು. ಭಾನುವಾರ ರಾತ್ರಿ ರೈಲು ಹತ್ತಿ ಸೋಮವಾರ ಬಂದಾಗ ತೂಕ 47, ಕ್ರಿಯಾಟಿನಿನ್ ಏರಿತ್ತು. ಉಳಿದ ಕಿಮೊ ನಿಲ್ಲಿಸಿ ಸಲೈನ್ ಹಚ್ಚಿದರು. ಮಾಸ್ಕ್ ಸಡಿಲವಾಗಿತ್ತು. ಇನ್ನೂ ಒಂದಿಷ್ಟು ಸಡಿಲವಾಗಿದ್ದರೆ ಹೊಸ ಅಚ್ಚು, ಹೊಸ ಸ್ಕ್ಯಾನ್, ಹೊಸ ಲೆಕ್ಕಕ್ಕೆ ಮತ್ತೆ ಕೆಲವು ದಿನ ಹೋಗುತ್ತಿದ್ದವು. ಇವರ ಪುಣ್ಯ, ಒಳಗೆ ತೆಳು ಪಟ್ಟಿ ಕೊಟ್ಟು ಹೊಂದಿಸಲು ಆಯಿತು.

ಹನ್ನೆರಡು ದಿನದ ಬಿಡುವಿನಿಂದ ಏನು ಕೆಡುತ್ತದೆ? ಕರೆಂಟಿನ ಹೊಡೆತಕ್ಕೆ ಸಿಕ್ಕಿ ಉಳಿದ ಕ್ಯಾನ್ಸರ್ ಕಣಗಳು ಮೂರ್ನಾಲ್ಕು ವಾರ ಕಳೆದ ಮೇಲೆ ಮೊದಲಿಗಿಂತ ಬೇಗ ಬೇಗ ಒಡೆದು ಹೆಚ್ಚತೊಡಗುತ್ತವೆ. ಕಳೆ ಕಿತ್ತ ಹೊಲದಲ್ಲಿ ಉಳಿದ ಬೇರು ಮಳೆ ಬಿದ್ದಾಗ ಚಿಗುರಿದ ಹಾಗೆ. ಬಾಯಿ-ಗಂಟಲ ಕ್ಯಾನ್ಸರಿನಲ್ಲಿ ಬಿಡುವಿನ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಂಭವ ಸುಮಾರು ಶೇ. 1ಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ ಎಂಬುದು ರೇಡಿಯೇಷನ್ ವೈದ್ಯರ ಲೆಕ್ಕ. ಮೊದಲ ವಾರದ ರಜೆಗಿಂತ ಐದನೇ ವಾರದ ರಜೆ ಕೆಟ್ಟದ್ದು. ರೋಗಿಗಳಿಗೆ ಅನಿಸುವುದು ಇದರ ತದ್ವಿರುದ್ಧ: "ಮುಕ್ಕಾಲು ಮುಗಿದೈತಿ, ಇನ್ನ ಆರ ಉಳದಾವು."

ಉಳಿದ ಆರನ್ನು ನಾಲ್ಕು ದಿನಕ್ಕೆ ಇಳಿಸಿದರು. ಮಂಗಳವಾರ, ಗುರುವಾರ ಎರಡೆರಡು ಸಲ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು. ಇದು ಎಲ್ಲರಿಗೂ ಮಾಡುವಂಥದ್ದಲ್ಲ. ಯಂತ್ರದಲ್ಲಿ ಜಾಗವೂ ರೋಗಿಯಲ್ಲಿ ತ್ರಾಣವೂ ಇರಬೇಕು. 44 ದಿನದಲ್ಲಿ ಮುಗಿಯಬೇಕಾದದ್ದು 50ಕ್ಕೆ ಮುಗಿಯಿತು. ಆಪರೇಷನ್ನಿನಿಂದ ಕೊನೆಯ ಕರೆಂಟಿನವರೆಗೆ 87 ದಿನ ಆಗಬೇಕಿದ್ದದ್ದು 93 ಆಯಿತು.

ಹೋಗಲೇಬೇಕಿದ್ದರೆ ದಾರಿಯಿತ್ತು. ಒಂದು ವಾರ ಮೊದಲೇ ರೇಡಿಯೇಷನ್ ವಿಭಾಗಕ್ಕೆ ಹೇಳಿದ್ದರೆ ರಜೆಯ ಹಿಂದಿನ ವಾರದಲ್ಲೇ ಎರಡು ಸಲದ ದಿನವೊಂದನ್ನು ಹೊಂದಿಸುವ ಸಾಧ್ಯತೆ ಕೇಳಬಹುದಿತ್ತು. ರಜೆಯ ಎರಡು ದಿನ, ಶನಿವಾರ, ಭಾನುವಾರ ಸೇರಿಸಿ ಮಗ ಒಬ್ಬನೇ ಊರಿಗೆ ಹೋಗಿ ರಾಶಿ ಮಾಡಿಸಬಹುದಿತ್ತು. ರೋಗಿ ಹೋದದ್ದೇ ತಪ್ಪು ಎಂದು ಬೈಯುವ ವೈದ್ಯರಿದ್ದಾರೆ. ಪೀಕು ಹೊಲದಲ್ಲಿ ನಿಂತಿರುವಾಗ ಮೂವತ್ತು ವರ್ಷ ಅದನ್ನೇ ಕಾದ ಮನುಷ್ಯ ಬೆಂಗಳೂರಿನ ರೂಮಿನಲ್ಲಿ ಗೋಡೆ ನೋಡುತ್ತಾ ಕೂರಲಿ ಎಂದು ಬಯಸುವುದು ಸುಲಭ. ಚಿಕಿತ್ಸೆಯ ಯೋಜನೆ ಬರೆಯುವಾಗ "ಹೊಲದಲ್ಲಿ ಏನಿದೆ, ರಾಶಿ ಯಾವಾಗ?" ಎಂದು ಒಂದು ಸಾಲು ಕೇಳಿದ್ದರೆ ಈ ಹನ್ನೆರಡು ದಿನ ಆಗಸ್ಟಿನಲ್ಲೇ ಕಾಣುತ್ತಿತ್ತು.

ಕೇಳದೇ ಉಳಿದ ಪ್ರಶ್ನೆ

ರಾಣೆಬೆನ್ನೂರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ನವನಗರದ ಕ್ಯಾನ್ಸರ್ ಆಸ್ಪತ್ರೆ ಹಲವು ದಶಕಗಳಿಂದ ಇದೆ. ಆಪರೇಷನ್ನಿಗೆ ಬೆಂಗಳೂರು ಸರಿಯೇ. ಆದರೆ ಎದ್ದು ಬಿದ್ದು ಮೂವತ್ತು ದಿನ ಹಾಜರಾಗಬೇಕಾದ ಕರೆಂಟನ್ನು ಹತ್ತಿರದಲ್ಲಿ ತೆಗೆದುಕೊಳ್ಳಬಹುದೇ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇದನ್ನು ಕೇಳಬೇಕಾದ ದಿನ ಆಪರೇಷನ್ನಿನ ನಂತರದ ವರದಿ ಕೈಗೆ ಬರುವ ದಿನ. ಮಾಸ್ಕ್ ಮಾಡಿದ ಮೇಲೆ ತಡವಾಗುತ್ತದೆ. ಮಾಸ್ಕ್, ಸ್ಕ್ಯಾನ್, ಲೆಕ್ಕ ಮೂರೂ ಆ ಯಂತ್ರಕ್ಕೆ ಅಂಟಿಕೊಂಡವು. ನಡುವೆ ಊರು ಬದಲಿಸಿದರೆ ಎಲ್ಲವೂ ಮೊದಲಿನಿಂದ. ಯೋಜನೆಯ ಮಂಜೂರಾತಿಯೂ ಆಸ್ಪತ್ರೆಗೆ ತಕ್ಕಂತೆ ಹೊಸದಾಗಿ ಆಗಬೇಕು. ಕೊಂಡೊಯ್ಯಬೇಕಾದದ್ದು ಬಿಡುಗಡೆ ಚೀಟಿ, ಆಪರೇಷನ್ ಟಿಪ್ಪಣಿ, ಪೂರ್ತಿ ಪೆಥಾಲಜಿ ವರದಿ, ಆಪರೇಷನ್ನಿಗೆ ಮುಂಚಿನ ಸಿ.ಟಿ.ಯ ಸಿ.ಡಿ. ಈ ಕೊನೆಯದನ್ನೇ ಹೆಚ್ಚು ಜನ ಮರೆಯುವುದು. ಗಡ್ಡೆ ತೆಗೆದಾದ ಮೇಲೆ ಅದು ಎಲ್ಲಿತ್ತು ಎಂದು ತೋರಿಸುವುದು ಆ ಚಿತ್ರವೊಂದೇ.

ಎಲ್ಲ ಕ್ಯಾನ್ಸರಿಗೂ ಇದು ಹೊಂದುವುದಿಲ್ಲ. ಆದರೆ ಕಿಮೊ ಮಾತ್ರ ಉಳಿದವರಿಗೆ ಈಗ ದಾರಿ ಇನ್ನೂ ಹತ್ತಿರವಾಗಿದೆ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕಿಮೊಥೆರಪಿ ಕೇಂದ್ರಗಳನ್ನು ತೆರೆದಿದೆ.

ಹೊಲದ ಕಡೆ ಆದದ್ದು

ಬಿತ್ತಿ ಹದಿನೆಂಟು-ಇಪ್ಪತ್ತು ದಿನಕ್ಕೆ ಗೋವಿನಜೋಳದ ಸುಳಿಯಲ್ಲಿ ಲದ್ದಿಹುಳು ಬಿತ್ತು. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಆರ್ಮಿವರ್ಮ್ ಅದು. ಹುಳು ಸಣ್ಣದಿರುವಾಗ ಲೀಟರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ ಬೆರೆಸಿ ಸುಳಿಯೊಳಗೆ ಬೀಳುವಂತೆ ಹೊಡೆದರೆ ಹತೋಟಿಗೆ ಬರುತ್ತದೆ. ಆ ವಾರ ಮನೆಯವರು ಬೆಂಗಳೂರಿನ ದಾರಿಯಲ್ಲಿದ್ದರು. ಹದಿನೈದು ದಿನ ತಡವಾಗಿ ಹೊಡೆದಾಗ ಹುಳು ಸುಳಿಯ ಆಳದಲ್ಲಿ ಲದ್ದಿಯ ಮರೆಯಲ್ಲಿತ್ತು. ಅರವತ್ತು ಕ್ವಿಂಟಲ್ ಬರಬೇಕಾದಲ್ಲಿ 41 ಬಂತು. ಕ್ವಿಂಟಲಿಗೆ 2,000 ಹಿಡಿದರೂ 38,000 ರೂಪಾಯಿ ಹೋಯಿತು. ಬೆಳೆವಿಮೆಯ ಕಂತನ್ನು ಜುಲೈ ಕೊನೆಯೊಳಗೆ ಕಟ್ಟಬೇಕಿತ್ತು. ಆ ತಿಂಗಳೆಲ್ಲ ಅವರು ಆಸ್ಪತ್ರೆಯ ಗಡಿಬಿಡಿಯಲ್ಲಿದ್ದರು.

ಸಹಕಾರ ಸಂಘದಲ್ಲಿ ಹಿಂದಿನ ಹಿಂಗಾರಿಗೆ ಎತ್ತಿದ ಶೂನ್ಯ ಬಡ್ಡಿ ಸಾಲದ ಗಡುವು ಸೆಪ್ಟೆಂಬರಿನಲ್ಲಿ ತೀರಿತು. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಶೂನ್ಯ. ಮೀರಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತಡೆಯಾಗುತ್ತದೆ. ಹಳ್ಳಿಯಲ್ಲಿ ಎಲ್ಲರೂ ಮಾಡುವ ಹಾಗೆ ನಾಲ್ಕು ದಿನದ ಕೈಗಡ ತಂದು ಕಟ್ಟಿ ಹೊಸ ಸಾಲ ಎತ್ತಬಹುದಿತ್ತು. ಅದಕ್ಕೆ ಸಾಲಗಾರನ ಸಹಿ ಬೇಕು, ಸಹಿ ಹಾಕುವವನು ಲಕ್ಕಸಂದ್ರದಲ್ಲಿದ್ದ. ರೋಗ ಗೊತ್ತಾದ ವಾರದಲ್ಲೇ ಸಂಘದ ಕಾರ್ಯದರ್ಶಿಗೆ ಹೇಳಿ ಗಡುವಿನ ತಾರೀಖು, ಬೇಕಾದ ಸಹಿ ಎಲ್ಲವನ್ನೂ ಗೊತ್ತುಮಾಡಿಕೊಳ್ಳುವುದು ಬ್ಲಾಕ್-ಸ್ಲೈಡಿನಷ್ಟೇ ಮುಖ್ಯ.

ಬಿತ್ತುವ ಮೊದಲೇ ರೋಗ ಗೊತ್ತಾದವರಿಗೆ ಆ ಹಂಗಾಮಿಗೆ ಹೊಲವನ್ನು ಲಾವಣಿಗೋ (ಗೇಣಿಗೋ) ಪಾಲಿಗೋ ಕೊಡುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಆದಾಯ ಅರ್ಧವಾಗುತ್ತದೆ, ನಿಜ. ಆದರೆ ಎಡೆ ಹೊಡೆಸುವುದು, ಗೊಬ್ಬರ ಹಾಕುವುದು, ಔಷಧಿ ಹೊಡೆಸುವುದು, ರಾಶಿ ಮಾಡುವುದು ಪಾಲುದಾರನ ತಲೆಗೆ ಹೋಗುತ್ತವೆ, ಊರಿಗೆ ಓಡುವ ಕಾರಣಗಳೂ ಕಡಿಮೆಯಾಗುತ್ತವೆ. ನೆರೆಯವರ ಮುಯ್ಯಾಳು ಒಂದೆರಡು ದಿನದ ಕೆಲಸಕ್ಕೆ ಸರಿ. ಮೂರು ತಿಂಗಳ ಮುಯ್ಯನ್ನು ಕುತ್ತಿಗೆಯ ಆಪರೇಷನ್ ಆದ, ತೋಳೆತ್ತಲು ಕಷ್ಟಪಡುವ ಮನುಷ್ಯ ಹೇಗೆ ತೀರಿಸಿಯಾನು? ಆಕಳ ವಿಷಯದಲ್ಲಿಯೂ ಹಾಗೆ. ಎರಡನ್ನೂ ಉಳಿಸಿಕೊಳ್ಳಲು ಹೆಣಗಿ ಒಂದನ್ನು ಅಗ್ಗಕ್ಕೆ ಮಾರುವ ಬದಲು, ಹಾಲಿನ ಅರ್ಧ ಅವರಿಗೆ ಎಂಬ ಮಾತಿನ ಮೇಲೆ ನೆಂಟರ ಕೊಟ್ಟಿಗೆಗೆ ಕಳಿಸುವುದು ಆ ಕಡೆ ನಡೆಯುವ ರೂಢಿಯೇ.

ಕೊನೆಯ ಕರೆಂಟಾಗಿ ಹತ್ತು ದಿನ ಸಲೈನ್, ಗಂಜಿಯಲ್ಲಿ ಕಳೆದು ಊರಿಗೆ ಹೊರಟರು. ಈ ಸಲ ಬಿಡುಗಡೆ ಚೀಟಿಯ ಹಿಂಬದಿಯಲ್ಲಿ ನಾಲ್ಕು ಸಂಗತಿ ಕೈಬರಹದಲ್ಲಿದ್ದವು: ನಳಿಗೆಯ ಗಾತ್ರ ಮತ್ತು ಮೂಗಿನ ಬಳಿಯ ಅಂಕೆ, ಜ್ವರ 100.4 ಡಿಗ್ರಿ ದಾಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂಬುದು, ಡೈಕ್ಲೋಫೆನಾಕ್ ಕೊಡಬೇಡಿ ಎಂಬ ಸೂಚನೆ, ವಿಭಾಗದ ಫೋನ್ ನಂಬರು. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ. ಕುತ್ತಿಗೆಗೆ ಕರೆಂಟು ಬಿದ್ದವರಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡಿನ ಟಿ.ಎಸ್.ಎಚ್. ಪರೀಕ್ಷೆ ಬೇಕು. ಅದನ್ನು ರಾಣೆಬೆನ್ನೂರಿನಲ್ಲೇ ಮಾಡಿಸಿ ವರದಿ ತಂದರೆ ಸಾಕು. ಗುಮಾಸ್ತ ಮುಂದಿನ ತಾರೀಖನ್ನು ಶುಕ್ರವಾರಕ್ಕೆ ಬರೆದ. ಹೆಂಡತಿ ಚೀಟಿಯನ್ನು ತಿರುಗಿ ಕೌಂಟರಿನ ಒಳಗೆ ತಳ್ಳಿದರು: "ಸೋಮವಾರಕ್ಕ ಬರೀರಿ ಅಣ್ಣಾರ. ರೈಲಿನ ಫಾರ್ಮೂ ಈಗ ಸಿಕ್ಕಾ ಹಾಕಿ ಕೊಟ್ಟಬಿಡ್ರಿ."